ಮೈಮರೆವು ಮತ್ತು ಮೈಯೆಚ್ಚರ: ಸಂಕಮ್ಮನ ಸಾಲಿನ ಹಿನ್ನೆಲೆಯಲ್ಲಿ ನೃತ್ಯ ಚಿಕಿತ್ಸೆ

ಕುಣಿತಗಳನ್ನು ಕುರಿತ ಕನ್ನಡ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಆಚರಣೆ, ಮನರಂಜನೆ ಮತ್ತು ಸಮುದಾಯದ ಗುರುತು ಎಂಬ ಮೂರು ನೆಲೆಗಳಲ್ಲಿ ನಡೆದಿವೆ. ಕುಣಿಯುವ ಮೈಗೂ ಒಂದು ಚರಿತ್ರೆಯಿರುತ್ತದೆ, ಆ ಚರಿತ್ರೆಯಲ್ಲಿ ನೋವೂ ಸೇರಿರುತ್ತದೆ ಎಂಬ ನೆಲೆಯಿಂದ ನಡೆದ ಚರ್ಚೆ ಕಡಿಮೆ. ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರ ಚೇತರಿಕೆಗಾಗಿ ಬಳಕೆಯಲ್ಲಿರುವ ನೃತ್ಯ ಚಿಕಿತ್ಸೆಯು ಈ ಪ್ರಶ್ನೆಯನ್ನು ಜಾನಪದ ವಿದ್ವಾಂಸರ ಮುಂದೆಯೂ ಇಡುತ್ತದೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯಲ್ಲಿ ಕಂಸಾಳೆಯವರು ಹಾಡುವ ಸಂಕಮ್ಮನ ಸಾಲು, ಬೀಸು ಕಂಸಾಳೆ ಹಾಗೂ ಸೋಲಿಗರ ಗೊರುಕನ ಕುಣಿತಗಳನ್ನು ಈ ಚಿಕಿತ್ಸೆಯ ತತ್ತ್ವಗಳೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಸಂಕಮ್ಮನ ನಿರಾಕರಣೆ

ಮಲೆಯ ಮಾದೇಶ್ವರ ಮಹಾಕಾವ್ಯವು ಪಿ.ಕೆ. ರಾಜಶೇಖರ ಅವರ ಸಂಪಾದನೆಯಲ್ಲಿ 1973ರಲ್ಲಿಯೂ, ಕೆ. ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ 1997ರಲ್ಲಿಯೂ ಪ್ರಕಟವಾಗಿದೆ. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾದರೂ ಸಂಕಮ್ಮನ ಸಾಲಿನ ತಿರುಳು ಒಂದೇ. ಸೋಲಿಗರ ನೀಲಯ್ಯ ಕಾಡಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನಿಂದ ಪಾತಿವ್ರತ್ಯದ ಭಾಷೆಯನ್ನು ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ಆಗ ಅವನು ಅವಳನ್ನು ಹಿಂಸಿಸಿ, ಕಟ್ಟಿಹಾಕಿ, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಅವಳ ಮೊರೆಗೆ ಓಗೊಟ್ಟು ಬಂದ ಮಾದಪ್ಪ ಬಂಧನ ಬಿಡಿಸಿ, ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಆದರೆ ಮರಳಿ ಬಂದ ಗಂಡನ ಅನುಮಾನ ಅಲ್ಲಿಗೂ ಮುಗಿಯುವುದಿಲ್ಲ. ಸತ್ಯವನ್ನು ಮೈಯಿಂದಲೇ ರುಜುಪಡಿಸಬೇಕೆಂಬ ಒತ್ತಾಯ ಮುಂದುವರಿಯುತ್ತದೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಸಂಕಮ್ಮ ತಪ್ಪು ಮಾಡಿಲ್ಲವೆಂದು ವಾದಿಸುವುದಕ್ಕಿಂತ ಮೊದಲು, ಹಾಗೆ ಕೇಳುವ ಹಕ್ಕನ್ನೇ ನಿರಾಕರಿಸುತ್ತಾಳೆ. ಅವಳ 'ಒಲ್ಲೆ' ಎಂಬ ನಿಲುವೇ ಹಿಂಸೆಗೆ ನೆಪವಾಗುತ್ತದೆ. ಎರಡನೆಯದು, ಅವಳ ಬಿಡುಗಡೆ ದೇವರಿಂದ ಬರುತ್ತದೆ, ಅದರ ಫಲ ತಾಯ್ತನದಲ್ಲಿ ಕಾಣಿಸಿಕೊಳ್ಳುತ್ತದೆ. ಕಟ್ಟು ಬಿಚ್ಚಿದ ಮೇಲೆ ಅವಳ ಕೈಕಾಲುಗಳು ಏನಾದವು, ಅದೇ ಗುಡಿಸಲಲ್ಲಿ ಅವಳು ಮತ್ತೆ ಹೇಗೆ ಮಲಗಿದಳು ಎಂಬುದು ಕಥನದ ಕಾಳಜಿಯಲ್ಲ. ಮಹಾಕಾವ್ಯವು ನಿಲ್ಲಿಸಿದ ಈ ಜಾಗದಿಂದ ಚಿಕಿತ್ಸೆಯ ಪ್ರಶ್ನೆ ಆರಂಭವಾಗುತ್ತದೆ.

2. ಪರೀಕ್ಷೆಗೆ ಒಳಗಾಗುವ ಮೈ

ಸಂಕಮ್ಮನಿಗೆ ಎದುರಾದ ಪರೀಕ್ಷೆಯು ಪುರಾಣಕಾಲದ ಸಂಗತಿಯಾಗಿ ಉಳಿದಿಲ್ಲ. ಅತ್ಯಾಚಾರಕ್ಕೊಳಗಾದ ಮಹಿಳೆಯರ ಮೇಲೆ ನಡೆಯುತ್ತಿದ್ದ 'ಎರಡು ಬೆರಳಿನ ಪರೀಕ್ಷೆ'ಯು ಖಾಸಗಿತನದ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. 2022ರ ಅಕ್ಟೋಬರಿನಲ್ಲಿ, ಅಂಥ ಪರೀಕ್ಷೆ ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದು ಅದು ಮತ್ತೆ ಸ್ಪಷ್ಟಪಡಿಸಬೇಕಾಯಿತು. ಪ್ರತಿಭಟಿಸದಿದ್ದುದೇ ಸಮ್ಮತಿಯಲ್ಲ ಎಂಬ ಮಾತು ಕಾನೂನಿನಲ್ಲಿ ಸೇರಿದ್ದು 2013ರ ತಿದ್ದುಪಡಿಯಿಂದ; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅದೇ ಸಂಹಿತೆಯು ಹದಿನೆಂಟು ವರ್ಷ ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ ಎಂಬುದನ್ನು ಸಂಕಮ್ಮನ ಕಥೆ ಓದುವವರು ಮರೆಯಲಾಗದು.

ಮಾದಪ್ಪನ ಬೆಟ್ಟದ ಸುತ್ತಿನ ಊರುಗಳಿಗೆ ಇನ್ನೂ ಹತ್ತಿರದ ಒಂದು ನೆನಪಿದೆ. ವೀರಪ್ಪನ್ ಶೋಧದ ಹೆಸರಿನಲ್ಲಿ 1990ರ ದಶಕದಲ್ಲಿ ನಡೆದ ದೌರ್ಜನ್ಯಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿಯನ್ನು ನೇಮಿಸಿತು. ಲೈಂಗಿಕ ಹಿಂಸೆಯ ದೂರುಗಳೂ ಅದರ ಮುಂದೆ ಬಂದವು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ನೆರೆಯ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ 18 ಮಹಿಳೆಯರ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ 2011ರಲ್ಲಿ ಆದ ಶಿಕ್ಷೆಯನ್ನು ಮದ್ರಾಸ್ ಉಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2023ರಲ್ಲಿ. ಶಿಕ್ಷೆ ಮತ್ತು ಪರಿಹಾರ ನ್ಯಾಯದ ಅಗತ್ಯ ಅಂಗಗಳು. ಆದರೆ ಮೂವತ್ತು ವರ್ಷ ಮೈಯಲ್ಲಿ ಉಳಿದ ಹೆದರಿಕೆಗೆ ಅವು ಮಾತ್ರ ಮದ್ದಾಗಲಾರವು.

3. ನೃತ್ಯ ಚಿಕಿತ್ಸೆಯ ಸ್ವರೂಪ

ಅಪಾಯದ ಹೊತ್ತಿನಲ್ಲಿ ಮೈ ಎದುರಿಸುತ್ತದೆ, ಓಡುತ್ತದೆ ಅಥವಾ ಮರಗಟ್ಟುತ್ತದೆ. ಈ ಮೂರನೆಯದು ಇಚ್ಛೆಯಿಂದ ಆಗುವಂಥದಲ್ಲ. ಹಿಂಸೆಗೊಳಗಾದ ಅನೇಕರಲ್ಲಿ ಮರಗಟ್ಟಿದ ಸ್ಥಿತಿಯು ಘಟನೆ ಕಳೆದ ಮೇಲೂ ಬಿಗಿದ ಹೆಗಲು, ಮೇಲುಸಿರು, ಮುಟ್ಟಿದರೆ ಬೆಚ್ಚುವುದು, ತನ್ನ ಮೈ ತನ್ನದಲ್ಲವೆಂಬ ಭಾವ ಮುಂತಾದ ರೂಪಗಳಲ್ಲಿ ಉಳಿಯುತ್ತದೆ. ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಯನ್ನು ಸುರಕ್ಷತೆ, ನೆನಪು ಮತ್ತು ಶೋಕ, ಮರುಸಂಬಂಧ ಎಂಬ ಮೂರು ಹಂತಗಳಾಗಿ ವಿವರಿಸಿದರು. ಮಾತಿನ ಮೂಲಕ ಸಿಗದ ಸುರಕ್ಷತೆಯನ್ನು ಚಲನೆಯ ಮೂಲಕ ಹುಡುಕುವುದು ನೃತ್ಯ ಚಿಕಿತ್ಸೆಯ ದಾರಿ.

ಮೇರಿಯನ್ ಚೇಸ್ 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಆರಂಭಿಸಿದ ಕೆಲಸದಿಂದ ಈ ಶಿಸ್ತು ರೂಪುಗೊಂಡಿತು. 1966ರಲ್ಲಿ ಅಮೆರಿಕದ ನೃತ್ಯ ಚಿಕಿತ್ಸಾ ಸಂಘ ಸ್ಥಾಪನೆಯಾಯಿತು. ಭಾರತದಲ್ಲಿ ತ್ರಿಪುರಾ ಕಶ್ಯಪ್ ಈ ಕ್ಷೇತ್ರದ ಮೊದಲಿಗರಲ್ಲಿ ಒಬ್ಬರು. ಸೋಹಿನಿ ಚಕ್ರವರ್ತಿ 2004ರಲ್ಲಿ ಸ್ಥಾಪಿಸಿದ 'ಕೋಲ್ಕತ್ತಾ ಸಂವೇದ್' ಸಂಸ್ಥೆಯು ಸಾಗಾಣಿಕೆ ಮತ್ತು ಲೈಂಗಿಕ ಹಿಂಸೆಗೆ ಒಳಗಾದವರ ನಡುವೆ ಈ ಚಿಕಿತ್ಸೆಯನ್ನು ಬೆಳೆಸಿತು.

ಇದು ನೃತ್ಯಪಾಠವಲ್ಲ. ಇಲ್ಲಿ ಸರಿ ಹೆಜ್ಜೆ, ತಪ್ಪು ಹೆಜ್ಜೆಗಳಿಲ್ಲ; ನೋಡುಗರೂ ಇಲ್ಲ. ಉಸಿರನ್ನು ಗಮನಿಸುವುದು, ಪಾದವನ್ನು ನೆಲಕ್ಕೆ ಊರುವುದು, ತೋಳು ಚಾಚಿ ತನ್ನ ಸುತ್ತಿನ ಎಲ್ಲೆಯನ್ನು ಗುರುತಿಸಿಕೊಳ್ಳುವುದು, ಕೈ ಮುಂದೊಡ್ಡಿ ದೂಡುವುದು, ಒಬ್ಬರ ಚಲನೆಯನ್ನು ಮತ್ತೊಬ್ಬರು ಕನ್ನಡಿಯಂತೆ ಅನುಸರಿಸುವುದು ಇದರ ಸಾಮಾನ್ಯ ಕ್ರಮಗಳು. ನಡೆದುದನ್ನು ಹೇಳಲೇಬೇಕೆಂಬ ಒತ್ತಾಯವಿಲ್ಲ. ಕೇಳದೆ ಯಾರೂ ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಗಳಿಗೆಯಲ್ಲಾದರೂ 'ಸಾಕು' ಎನ್ನುವ ಅಧಿಕಾರ ಪಾಲುಗೊಂಡವಳದು. ಈ ಚಿಕಿತ್ಸೆಯನ್ನು ಕುರಿತ ಸಂಶೋಧನೆಗಳು ಬಹುಪಾಲು ಚಿಕ್ಕ ಗುಂಪುಗಳನ್ನು ಆಧರಿಸಿವೆ. ಆದ್ದರಿಂದ ಇದು ವೈದ್ಯಕೀಯ ನೆರವಿಗೆ, ಆಪ್ತಸಮಾಲೋಚನೆಗೆ ಪೂರಕವೇ ಹೊರತು ಬದಲಿಯಲ್ಲ.

4. ಸೀಮೆಯ ಕುಣಿತಗಳು: ಸಾಧ್ಯತೆ ಮತ್ತು ಮಿತಿ

ನಮ್ಮಲ್ಲಿ ಕುಣಿತಗಳು ಹೇರಳವಾಗಿರುವುದರಿಂದ ಅವನ್ನೇ ಚಿಕಿತ್ಸೆಯೆಂದು ಕರೆಯುವ ಉತ್ಸಾಹ ಸಹಜ. ಆದರೆ ಎಚ್ಚರ ಅಗತ್ಯ. ಬೀಸು ಕಂಸಾಳೆಯು ಸಾಂಪ್ರದಾಯಿಕವಾಗಿ ದೀಕ್ಷೆ ಪಡೆದ ಗಂಡಸರ ಕುಣಿತ. ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ಬೀಸಿ ಹೊಡೆಯುವಲ್ಲಿ ಕಸರತ್ತು, ಕೆಚ್ಚು, ಭಕ್ತಿ ಬೆರೆತಿವೆ. ಸಂಕಮ್ಮನ ನೋವು ಲೋಕಕ್ಕೆ ತಲುಪಿರುವುದು ಬಹುಪಾಲು ಗಂಡಸರ ಕೊರಳು ಮತ್ತು ಕೈಗಳಿಂದ. ಕಂಸಾಳೆಯ ಆವೇಗ, ಲೋಹದ ಬಡಿತಗಳು ಹಿಂಸೆಯ ನೆನಪಿರುವ ಮೈಯನ್ನು ಬೆಚ್ಚಿಸಲೂಬಹುದು.

ಗೊರುಕನದ ಸ್ವರೂಪ ಬೇರೆ. ಸೋಲಿಗರ ಹೆಂಗಸರೂ ಗಂಡಸರೂ ಪಾಲುಗೊಳ್ಳುವ, ಪಲ್ಲವಿಯ ಲಯಕ್ಕೆ ಹೆಜ್ಜೆ ಹಾಕುವ ಈ ಕುಣಿತದಲ್ಲಿ ಪುನರಾವರ್ತನೆಯಿದೆ, ಒಬ್ಬರ ಹೆಜ್ಜೆಗೆ ಮತ್ತೊಬ್ಬರ ಹೆಜ್ಜೆಯ ಆಸರೆಯಿದೆ. ಮುಂದೇನು ಬರುತ್ತದೆಂದು ಮೊದಲೇ ತಿಳಿದಿರುವ ಲಯವು ಹೆದರಿದ ಮೈಗೆ ನೆಮ್ಮದಿ ಕೊಡಬಲ್ಲುದು. ಆದರೂ ಅದು ಸೋಲಿಗರ ಬದುಕಿನ ಭಾಗ. ಅವರ ಒಪ್ಪಿಗೆಯಿಲ್ಲದೆ, ಅವರನ್ನು ಹೊರಗಿಟ್ಟು ಅದನ್ನು ಚಿಕಿತ್ಸೆಯ ಸರಕಾಗಿಸುವುದು ಮತ್ತೊಂದು ಬಗೆಯ ಅತಿಕ್ರಮಣವಾಗುತ್ತದೆ.

ಕನ್ನಡದ 'ಮೈಮರೆ' ಎಂಬ ಮಾತು ಇಲ್ಲಿ ನೆರವಿಗೆ ಬರುತ್ತದೆ. ಕುಣಿತವನ್ನು ಮೆಚ್ಚುವಾಗ 'ಮೈಮರೆತು ಕುಣಿದರು' ಎನ್ನುತ್ತೇವೆ. ಹಬ್ಬ, ಜಾತ್ರೆಗಳಲ್ಲಿ ಅದು ಬಿಡುಗಡೆ. ಆದರೆ ಹಿಂಸೆಗೊಳಗಾದವಳ ಸಂಕಟವೇ ಮೈಮರೆವು. ಆ ಹೊತ್ತನ್ನು ದಾಟಲು ಅವಳು ಮೈಯಿಂದ ಹೊರಗೆ ನಿಂತಿರುತ್ತಾಳೆ. ಅವಳಿಗೆ ಬೇಕಾದುದು ಮೈಮೇಲಿನ ಎಚ್ಚರ, ಅದೂ ಅವಳು ತಾಳಿಕೊಳ್ಳುವಷ್ಟು ಮಾತ್ರ. ಆವೇಶ ಬರಿಸುವ ಕುಣಿತಕ್ಕೂ ಚಿಕಿತ್ಸೆಯ ಕುಣಿತಕ್ಕೂ ಇರುವ ಮೂಲಭೂತ ವ್ಯತ್ಯಾಸವಿದು.

ಇದರೊಡನೆ ವ್ಯಾವಹಾರಿಕ ಪ್ರಶ್ನೆಗಳೂ ಇವೆ. 2015ರಲ್ಲಿ ಆರಂಭವಾದ ಸಖಿ ಕೇಂದ್ರಗಳ ಯೋಜನೆಯು ವೈದ್ಯಕೀಯ, ಪೊಲೀಸ್, ಕಾನೂನು ಹಾಗೂ ಸಮಾಲೋಚನೆಯ ನೆರವನ್ನು ಒಂದೇ ಸೂರಿನಡಿ ಒದಗಿಸುವ ಉದ್ದೇಶದ್ದು. ಆದರೆ ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರಿನ ಕೂಲಿ ಹೆಂಗಸಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವುದು, ಜೊತೆಗೆ ಎಲ್ಲಿಗೆ, ಏಕೆ ಎಂಬ ಊರಿನ ಪ್ರಶ್ನೆಗೆ ಉತ್ತರ ಹೇಳುವುದು. ಹೆಂಗಸರು ಕೂಡಿ ಹಾಡುವ, ಹೆಜ್ಜೆ ಹಾಕುವ ಕೂಟಕ್ಕೆ ಊರು ಅಷ್ಟಾಗಿ ಬೆರಳು ತೋರುವುದಿಲ್ಲ. ಸೋಬಾನೆಗೆ, ಹಬ್ಬಕ್ಕೆ ಹೆಂಗಸರು ಸೇರುವುದು ರೂಢಿಯಲ್ಲಿದೆ. ತರಬೇತಿ ಪಡೆದವರು ಇದ್ದು, ಗುಟ್ಟು ಕಾಯುವ ಭರವಸೆಯಿದ್ದರೆ ಇಂಥ ಕೂಟದಲ್ಲಿ ಚಿಕಿತ್ಸೆಗೆ ಎಡೆಯಿದೆ. ಅವೆರಡೂ ಇಲ್ಲದಿದ್ದರೆ ಅದೇ ಕೂಟ ಅಪಾಯವೂ ಆದೀತು.

5. ಉಪಸಂಹಾರ

ಸಂಕಮ್ಮನ ಸಾಲನ್ನು ಪಾತಿವ್ರತ್ಯದ ಗೆಲುವೆಂದು ಪಾಠ ಹೇಳುವುದು ಸುಲಭ. ತರಗತಿಯಲ್ಲಿ ಕುಳಿತ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದರೂ ಅಂಥ ಹಿಂಸೆಯನ್ನು ಬಲ್ಲವಳಾಗಿದ್ದರೆ ಆ ಪಾಠ ಅವಳಿಗೆ ಮತ್ತೊಂದು ಪರೀಕ್ಷೆಯಾಗುತ್ತದೆ. ಸಂಕಮ್ಮನ ಹಿರಿಮೆ ಪರೀಕ್ಷೆಯಲ್ಲಿ ಗೆದ್ದದ್ದರಲ್ಲಿಲ್ಲ, ಪರೀಕ್ಷೆಯನ್ನು ಒಲ್ಲೆನೆಂದದ್ದರಲ್ಲಿದೆ. ನೃತ್ಯ ಚಿಕಿತ್ಸೆಯು ಮರಳಿ ಕೊಡಲು ಯತ್ನಿಸುವುದೂ ಈ ಒಲ್ಲೆನೆನ್ನುವ ಶಕ್ತಿಯನ್ನೇ. ಮೊದಲು ಕೈಗೆ, ಕಾಲಿಗೆ, ಆಮೇಲೆ ಬಾಯಿಗೆ. ಮೈಯನ್ನು ಕುರಿತ ಕನ್ನಡದ ನುಡಿಗಟ್ಟುಗಳನ್ನು ಸಂಗ್ರಹಿಸಿ ಚಿಕಿತ್ಸಕರಿಗೆ ಒದಗಿಸುವುದು, ಮೌಖಿಕ ಕಾವ್ಯಗಳ ಹಿಂಸೆಯ ಪ್ರಸಂಗಗಳನ್ನು ಬದುಕುಳಿದವರ ಕಡೆಯಿಂದ ಓದುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು. ಮಹಾಕಾವ್ಯದಲ್ಲಿ ಸಂಕಮ್ಮನ ಕಟ್ಟು ಬಿಚ್ಚಲು ಮಾದಪ್ಪನೇ ಬರಬೇಕಾಯಿತು. ಇಂದಿನ ಸಂಕಮ್ಮನಿಗೆ ಆ ನೆರವನ್ನು ತಲುಪಿಸಬೇಕಾದ ಹೊಣೆ ಸಮಾಜದ್ದು.