ಕಿತ್ತು ಬಿಸಾಕೋ ಮುಂಚೆ ಕೇಳು

ನೋಡು ಮಗಾ, ನೀನು ದುಡಿಯೋ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಸಾಲ ಮಾಡಿ ಪಿಕಪ್ ತಗೊಂಡೆ. ಚಿಕ್ಕನಾಯಕನಹಳ್ಳಿಯಿಂದ ತಿಪಟೂರು ಎಪಿಎಂಸಿಗೆ ಕೊಬ್ಬರಿ ಚೀಲ ಹೊಡೀತೀಯ, ಕಂತು ತಪ್ಪಿಸಿಲ್ಲ. ಆದರೆ ಕಾಟ ಕೊಡೋದನ್ನ ಕಿತ್ತೆಸೆದರೆ ಕಾಟವೇ ಹೋಯ್ತು ಅನ್ನೋ ಆತುರ ನಿನಗೆ. ಗಾಡಿ ಹೀಟಾಗ್ತಿದೆ, ಥರ್ಮೋಸ್ಟಾಟ್ ತೆಗೆಸಿಬಿಡ್ತೀನಿ ಅಂತೀಯಲ್ಲ, ಬೇಡ.

"ನಮ್ಮ ಬಿಸಿಲಿಗೆ ಅದ್ಯಾಕೆ, ಕಿತ್ತಾಕು" ಅನ್ನೋರು ಬೀದಿಗೆ ಹತ್ತು ಜನ ಸಿಗ್ತಾರೆ. ಆ ಥರ್ಮೋಸ್ಟಾಟ್ ವಾಲ್ವ್ ಏನು ಮಾಡುತ್ತೆ ಅಂತ ಕೇಳು, ಒಬ್ಬರೂ ಬಾಯಿ ಬಿಡಲ್ಲ. ಅದರ ಹೊಟ್ಟೇಲಿ ಒಂದಿಷ್ಟು ಮೇಣ ಇರುತ್ತೆ. ಇಂಜಿನ್ ತಣ್ಣಗಿರೋ ತನಕ ವಾಲ್ವ್ ಮುಚ್ಚಿಕೊಂಡು ನೀರನ್ನ ಇಂಜಿನ್ ಒಳಗೇ ಸುತ್ತಾಡಿಸುತ್ತೆ. 80 ಡಿಗ್ರಿ ದಾಟಿದ ಮೇಲೆ ಮೇಣ ಕರಗಿ ಉಬ್ಬಿ ವಾಲ್ವ್ ತೆರೆಯುತ್ತೆ, ನೀರು ರೇಡಿಯೇಟರಿಗೆ ಹೋಗುತ್ತೆ. ಅದನ್ನ ತೆಗೆದರೆ ಇಂಜಿನ್‌ಗೆ ಬೇಕಾದ ಕಾವೇ ಬರಲ್ಲ. ಡೀಸೆಲ್ ಸರಿಯಾಗಿ ಉರಿಯಲ್ಲ, ಮೈಲೇಜ್ ಬೀಳುತ್ತೆ, ಇಂಜಿನ್ ಬೇಗ ಸವೆಯುತ್ತೆ. ಕೆಲವು ಇಂಜಿನ್‌ಗಳಲ್ಲಿ ನೀರು ಬೈಪಾಸ್ ದಾರೀಲೇ ವಾಪಸ್ ಓಡಿ, ಲೋಡ್ ಹೊತ್ತು ಏರು ಹತ್ತುವಾಗ ಇನ್ನೂ ಹೀಟಾಗುತ್ತೆ.

ಅದಕ್ಕೆ ಮೊದಲು ತಪ್ಪು ಯಾರದು ಅಂತ ನೋಡು. ನೀರು ಕಮ್ಮಿಯಾಗಿದೆಯಾ, ಹೋಸ್ ಸೋರ್ತಿದೆಯಾ, ಫ್ಯಾನ್ ಬೆಲ್ಟ್ ಸಡಿಲವಾ, ರೇಡಿಯೇಟರ್ ಸಂದಿಗೆ ತೆಂಗಿನ ನಾರು, ಧೂಳು ಮೆತ್ತಿಕೊಂಡಿದೆಯಾ? ಇದೆಲ್ಲ ಸರಿಯಿದ್ದು, ಟೆಂಪರೇಚರ್ ಮೀಟರಿನ ಮುಳ್ಳು ಮೇಲೇರಿದರೂ ರೇಡಿಯೇಟರ್ ಮಾತ್ರ ತಣ್ಣಗಿದ್ದರೆ, ಆಗ ವಾಲ್ವ್ ಮೇಲೆ ಅನುಮಾನ ಪಡು.

ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡ. ಒಳಗೆ ಒತ್ತಡದಲ್ಲಿರೋ ನೀರು ನೂರು ಡಿಗ್ರಿ ದಾಟಿದರೂ ಕುದೀದೆ ಕೂತಿರುತ್ತೆ. ಮುಚ್ಚಳ ತಿರುಗಿಸಿದ ಕ್ಷಣ ಹಬೆಯಾಗಿ ಮುಖಕ್ಕೇ ಎರಚುತ್ತೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲಿ ಅಂತ ಹತ್ತು ಹನ್ನೊಂದು ತಿಂಗಳು ಕಾಯೋ ಸೀಮೆಯವನು ನೀನು. ಇಂಜಿನ್ ಆರೋ ತನಕ ಕೂರಕ್ಕಾಗಲ್ವಾ?

ಆಮೇಲೆ ಹಳೇ ಕೂಲೆಂಟನ್ನ ಬಕೆಟ್‌ಗೆ ಇಳಿಸು. ತೆಂಗಿನ ಬುಡಕ್ಕೆ ಚೆಲ್ಲಬೇಡ. ಅದು ಸಿಹಿ ವಿಷ. ನಾಯಿ, ಕರು ಬಾಯಿ ಹಾಕಿದರೆ ಉಳಿಯೋದು ಕಷ್ಟ. ವಾಲ್ವ್ ಬಿಚ್ಚಿ ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸು. ಅಮ್ಮನ ಸಾರಿನ ಪಾತ್ರೆ ಎತ್ತಿಕೊಂಡು ಹೋಗಬೇಡ ಮತ್ತೆ, ಹಳೇ ಡಬ್ಬ ಸಾಕು. ನೀರು ಕೊತಕೊತ ಕುದಿಯೋ ಹೊತ್ತಿಗೂ ವಾಲ್ವ್ ಬಾಯಿ ತೆರೀಲಿಲ್ಲ ಅಂದ್ರೆ ಅದರ ಕಥೆ ಮುಗೀತು. ತಣ್ಣೀರಲ್ಲೇ ತೆರೆದಿದ್ದರೂ ಅಷ್ಟೇ.

ಆಗ ಹೊಸ ವಾಲ್ವ್ ತಗೋ, ಅದರ ಮೇಲೆ ಡಿಗ್ರಿ ಅಚ್ಚಾಗಿರುತ್ತೆ. ಹಳೇದರ ಮೇಲಿನ ಅಂಕಿಗೆ ತಾಳೆ ನೋಡು. ಸ್ಪ್ರಿಂಗ್ ಇರೋ ಕಡೆ ಇಂಜಿನ್‌ಗೆ ಮುಖ ಮಾಡಿರಲಿ, ಗಾಳಿ ಹೋಗೋ ಸಣ್ಣ ತೂತು ಮೇಲಕ್ಕೆ ಬರಲಿ. ಹಳೇ ಗ್ಯಾಸ್ಕೆಟ್ ಚೂರನ್ನ ಹುಷಾರಾಗಿ ಕೆರೆದು ಹೊಸದು ಹಾಕು. ಬೋಲ್ಟುಗಳನ್ನ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ಅಲ್ಯೂಮಿನಿಯಂ ಮುಂದೆ ನಿನ್ನ ತೋಳ್ಬಲ ತೋರಿಸಬೇಡ, ಬಿರುಕು ಬಿಡುತ್ತೆ.

ಬೋರ್‌ವೆಲ್ ನೀರು ಸುರಿದೀಯ ಜೋಕೆ. ನಮ್ಮ ಗಡಸು ನೀರಿಗೆ ಮನೆ ಗೀಸರೇ ಸುಣ್ಣ ಕಟ್ಟುತ್ತೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಬೆರೆಸಿ ನಿಧಾನವಾಗಿ ತುಂಬು. ಮುಚ್ಚಳ ತೆಗೆದಿಟ್ಟೇ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗಲ್ಲಿ ಬಿಡು. ಗುಳ್ಳೆ ಬಂದು ನೀರು ಇಳಿದ ಹಾಗೆ ಮತ್ತೆ ತುಂಬು. ಮೇಲಿನ ಹೋಸ್ ಬಿಸಿಯಾಯ್ತು ಅಂದ್ರೆ ವಾಲ್ವ್ ತೆರೀತು ಅಂತ. ಗುಳ್ಳೆ ನಿಲ್ಲಲೇ ಇಲ್ಲ ಅಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಗೆ ನಿನ್ನ ಕೈಚಳಕ ಸಾಕು, ಮೆಕ್ಯಾನಿಕ್ ಹತ್ತಿರ ಹೋಗು.

ಇಷ್ಟಕ್ಕೆ ಅರ್ಧ ದಿನ ಹೋಗುತ್ತೆ, ಒಂದು ಬಾಡಿಗೆ ತಪ್ಪುತ್ತೆ. ತಪ್ಪಲಿ ಬಿಡು, ಇನ್ನೊಂದು ಬರುತ್ತೆ. ಮುಳ್ಳು ಕೆಂಪು ತೋರಿಸ್ತಿದ್ದರೂ "ಇನ್ನೇನು ಊರು ಬಂತು" ಅಂತ ಓಡಿಸಿ ಹೆಡ್ ಸೊಟ್ಟ ಮಾಡ್ಕೊಂಡರೆ ಕಂತಿನ ದುಡ್ಡೂ ಹೋಗುತ್ತೆ, ಗಾಡಿಯೂ ಶೆಡ್ಡಲ್ಲಿ ಕೂರುತ್ತೆ. ಇವತ್ತೇ ಮಂಡಿಯವರಿಗೆ ಫೋನ್ ಮಾಡಿ, ನಾಳೆ ಲೋಡ್ ಬರಲ್ಲ ಅಂತ ಹೇಳಿಬಿಡು.