ಕರುಳು ಕೂಡಿಸಿದ ಮೇಲೆ ಗದ್ದೆಗೆ ಇಳಿಯುವ ಮುನ್ನ



ಕರುಳಿನ ಗಡ್ಡೆ, ಕರುಳು ತಿರುಚಿಕೊಳ್ಳುವುದು, ಹೊಟ್ಟೆಗೆ ಬಿದ್ದ ಪೆಟ್ಟು ಇಂಥ ಕಾರಣಗಳಿಂದ ಕೆಲವರ ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲವು ಚೀಲಕ್ಕೆ ಬೀಳುವಂತೆ ವೈದ್ಯರು ಮಾಡಿರುತ್ತಾರೆ. ಇದಕ್ಕೆ ಕೊಲಾಸ್ಟಮಿ ಎನ್ನುವರು. ಕೆಲವು ತಿಂಗಳ ನಂತರ, ಸಾಧ್ಯವಿದ್ದವರಿಗೆ, ಕರುಳನ್ನು ಮರಳಿ ಕೂಡಿಸಿ ಆ ಬಾಯಿಯನ್ನು ಮುಚ್ಚುತ್ತಾರೆ. ಚೀಲ ಹೋಯಿತೆಂದು ಮನೆಯವರೆಲ್ಲ ಹಿಗ್ಗುವುದು ಸಹಜವೇ. ಆದರೆ ರೋಗಿಯ ಕೆಲಸ ಆಗಲೇ ಶುರುವಾಗುವುದು.

ಕೆಳಗಿನ ಕರುಳು ಮತ್ತು ಗುದದ ಸ್ನಾಯುಗಳು ತಿಂಗಳುಗಟ್ಟಲೆ ಕೆಲಸವಿಲ್ಲದೆ ಇದ್ದವು. ಬಹುಕಾಲ ನೀರು ಕಾಣದ ಕಾಲುವೆಗೆ ನೀರು ಬಿಟ್ಟರೆ ಮೊದಲು ಹೇಗೆ ಹರಿಯುತ್ತದೆಂದು ನೀವು ಬಲ್ಲಿರಿ. ದಿನಕ್ಕೆ ನಾಲ್ಕಾರು ಸಲ, ಕೆಲವರಿಗೆ ಇನ್ನೂ ಹೆಚ್ಚು ಸಲ, ಹೊರಕಡೆಗೆ ಹೋಗಬೇಕಾಗುವುದು, ಒಮ್ಮೊಮ್ಮೆ ತಡೆಯಲಾಗದು. ಬಹಳ ಮಂದಿಗೆ ಇದು ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಹತೋಟಿಗೆ ಬರುತ್ತದೆ. ಕೆಲವರಿಗೆ ವರ್ಷವೂ ಹಿಡಿಯಬಹುದು. ಗುದದ ಸ್ನಾಯುವನ್ನು ಬಿಗಿಹಿಡಿದು, ಐದು ಎಣಿಸಿ ಸಡಿಲಿಸುವ ಅಭ್ಯಾಸ ಒಳ್ಳೆಯದು. ಎಂದಿನಿಂದ ಮಾಡಬೇಕೆಂದು ವೈದ್ಯರನ್ನು ಕೇಳಿರಿ. ಪ್ರತಿ ಸಲವೂ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿರಿ, ಉಜ್ಜಕೂಡದು.

ಮೊದಲ ವಾರಗಳಲ್ಲಿ ಮೆತ್ತಗೆ ಬೆಂದ ಅನ್ನ, ಗಂಜಿ, ಮಜ್ಜಿಗೆ, ಬಾಳೆಹಣ್ಣು, ಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು ಇವನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಿರಿ. ಕಾಳು, ಹಸಿ ತರಕಾರಿ, ಹಲಸು ಆಮೇಲೆ ಬರಲಿ. ಕರಿ ಇಶಾಡು ಮಾವಿನ ಕಾಲವಾದರೆ ಒಂದು ಹೋಳಿಗೆ ನಿಲ್ಲಿಸಿರಿ. ಅಂಕೋಲೆಯವರಿಗೆ ಇದು ಕಷ್ಟವೆಂದು ಗೊತ್ತು! ಭೇದಿ ನಿಲ್ಲಿಸುವ ಗುಳಿಗೆ, ಜುಲಾಬು, ಎನಿಮಾ ಯಾವುದನ್ನೂ ಸ್ವಂತ ಬುದ್ಧಿಯಿಂದ ತೆಗೆದುಕೊಳ್ಳಕೂಡದು.

ಹೊರಗಿನ ಗಾಯ ಒಣಗಿತೆಂದರೆ ಒಳಗಿನ ಪದರ ಗಟ್ಟಿಯಾಯಿತೆಂದಲ್ಲ. ಆರರಿಂದ ಎಂಟು ವಾರ, ವೈದ್ಯರು ಹೇಳಿದರೆ ಇನ್ನೂ ಹೆಚ್ಚು ಕಾಲ, ಭಾರ ಎತ್ತಬಾರದು. 45 ಕಿಲೋ ಯೂರಿಯಾ ಚೀಲ, ಭತ್ತದ ಹೊರೆ, ತುಂಬಿದ ಕೊಡ, ತೆಂಗಿನ ಮರ ಹತ್ತುವುದು ಯಾವುದೂ ಬೇಡ. ಬಾಯಿ ಮುಚ್ಚಿದ ಜಾಗದಲ್ಲಿ ಕರುಳು ಉಬ್ಬಿ ಹೊರಬಂದರೆ ಇನ್ನೊಂದು ಶಸ್ತ್ರಕ್ರಿಯೆ ಬೇಕಾದೀತು. ನಾಟಿಯ ಕಾಲ ಬಂದರೆ ಈ ವರ್ಷ ನೆರೆಯವರ ಮುಯ್ಯಾಳು ಕೇಳಿರಿ. ನಡೆಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ದಿನವೂ ಗದ್ದೆಯ ಹಾಳಿಯ ಮೇಲೆ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತ ನಡೆಯಿರಿ.

ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ವಾಂತಿ, ಹೊಟ್ಟೆಯುಬ್ಬರ, ಗಾಳಿ ಸಹ ಹೋಗದಿರುವುದು, ರಕ್ತ, ಗಾಯದಿಂದ ಕೀವು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿರಿ. ಕಿನ್ನರದ ಕಡೆಯವರಿಗೆ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ವಾಹನಕ್ಕೆ 108 ಒತ್ತಿರಿ.

ಮನಸ್ಸಿನ ಮಾತನ್ನು ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಅವಸರವಾದರೇನು ಎಂಬ ಭಯದಿಂದ ಜಾತ್ರೆ, ಮದುವೆ ಬಿಟ್ಟು ಮನೆಯ ಮೂಲೆ ಸೇರುವವರಿದ್ದಾರೆ. ಚೀಲವೇ ಮೇಲಾಗಿತ್ತೆಂದು ಅಳುವವರೂ ಇದ್ದಾರೆ. ಅದು ಹುಚ್ಚಲ್ಲ, ದಣಿವು. ಮೊದಲು ಹತ್ತಿರದ ಮನೆಗೆ, ಆಮೇಲೆ ಪೇಟೆಗೆ, ಬದಲಿ ಬಟ್ಟೆ ಇಟ್ಟುಕೊಂಡು ಹೋಗಿಬನ್ನಿರಿ. ಮನೆಯವರು ಹತ್ತು ಜನರೆದುರು ‘ಎಷ್ಟು ಸಲ ಹೋದೆ’ ಎಂದು ಕೇಳದಿರಲಿ. ಪಾಯಖಾನೆಯ ದಾರಿಗೆ ರಾತ್ರಿ ದೀಪವಿಡಲಿ. ಎರಡು ವಾರ ಕಳೆದರೂ ನಿದ್ದೆ, ಊಟ, ಮಾತು ಬೇಡವೆನಿಸಿದರೆ 14416ಕ್ಕೆ ಫೋನು ಮಾಡಿರಿ. ಇದು 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳು ತೆರೆದಿರುತ್ತದೆ, ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.