ಭುಜಾ ಬೆಳಸು, ಕುತ್ತಿಗಿ ಬಿಡು

ತಮ್ಮಾ, ಹಮ್ಮಿಗಿಯಿಂದ ಮುಂಡರಗಿ ಜಿಮ್ಮಿಗೆ ದಿನಾ ಬೈಕ್ ಹೊಡಕೊಂಡು ಹೋಗ್ತಿ, ಮೈಮುರದು ಬೆವರು ಸುರಸ್ತಿ. ಭಾಳ ಚಲೋ. ಆದ್ರ ಭುಜಾ ಅಗಲ ಆಗೂದು ಬಿಟ್ಟು ಕುತ್ತಿಗಿ ಎರಡೂ ಬಾಜೂ ಗಡ್ಡಿ ಕಟ್ಟಾಕತ್ತೈತಿ ನೋಡು. ಅಂಗಿ ಕಾಲರ್ ಬಿಗಿ ಆಗೇತಿ, ತೋಳು ಇನ್ನೂ ಸಡಿಲ ಐತಿ.

ತಲಿ ಹಿಂದಿನ ಬುಡದಿಂದ ಭುಜದ ತುದಿತನಕ ಇಳಿಯೂ ಸ್ನಾಯು ಐತಲ್ಲ, ಟ್ರೆಪೀಜಿಯಸ್, ನಿಮ್ಮ ಜಿಮ್ಮಿನವರು ಟ್ರ್ಯಾಪ್ಸ್ ಅಂತಾರ, ಅದು ಮಂದಿ ಕೆಲಸಾ ಕಸಗೊಳ್ಳೂ ಜಾತಿ. ಭುಜದ ಮ್ಯಾಲಿನ ದುಂಡನ ಸ್ನಾಯು ಡೆಲ್ಟಾಯ್ಡ್. ಅದಕ್ಕ ಮುಂದ, ಬಾಜೂಕ, ಹಿಂದ ಅಂತ ಮೂರು ಪಾಲು. ಮೈ ಅಗಲ ಕಾಣಸೂದು ಬಾಜೂದು. ತಾಳಲಾರದ ಭಾರ ಹಿಡದು ಕೈ ಎತ್ತಿದ್ರ ಹೆಗಲು ಕಿವಿ ಕಡೆ ಏರತೈತಿ, ಟ್ರ್ಯಾಪ್ಸ್ ನಡುವ ಬಂದು ದುಡಿಯಾಕ ನಿಲ್ಲತೈತಿ. ಸಿಂಗಟಾಲೂರು ನೀರಾವರಿ ಯೋಜನಾದ ಬ್ಯಾರೇಜ್ ನಮ್ಮೂರಾಗ ಐತಿ, ನಿನಗ ಬಿಡಿಸಿ ಹೇಳಬೇಕಿಲ್ಲ: ಕಾಲುವಿ ಬಾಯಾಗಿನ ಹೊಲದಾವ ನೀರು ಕಟಗೊಂಡ್ರ ತುದಿ ಹೊಲಕ್ಕ ಹನಿ ಸಿಗೂದಿಲ್ಲ.

ಅದರಾಗ ನೀನು ಹೊಲದಾಗ ದುಡಿಯೂ ಹುಡುಗ. ಜ್ವಾಳದ ಚೀಲಾ, ಮೇವಿನ ಹೊರಿ, 16 ಲೀಟರಿನ ಎಣ್ಣಿ ಹೊಡಿಯೂ ಪಂಪು, ಎಲ್ಲಾ ಹೆಗಲ ಮ್ಯಾಲೇ. ಆ ಸ್ನಾಯು ಜಿಮ್ಮಿಗೆ ಹೋಗೂಕಿಂತ ಮೊದಲೇ ತಯಾರಾಗೇತಿ. ಸದ್ಯಕ್ಕ ಭಾರ ಹಿಡದು ಹೆಗಲು ಕುಣಸೂ ಶ್ರಗ್ಸ್ ಬಿಡು. ಗದ್ದದತನಕ ರಾಡ್ ಜಗ್ಗೂ ಅಪ್‌ರೈಟ್ ರೋ ಸೈತ ಬಿಡು.

ಏನು ಮಾಡಬೇಕು ಅಂದ್ರ, ಹಗೂರನ ಡಂಬೆಲ್ ತಗೋ, ಮೂರು ನಾಕು ಕಿಲೋದ್ದು ಸಾಕು. ಚೂರು ಮುಂದ ಬಾಗು, ಮೊಣಕೈ ಒಂದೀಟು ಮಡಚು. ಕೈ ಮ್ಯಾಲ ಎತ್ತಾಕತ್ತೀನಿ ಅನಕೋಬ್ಯಾಡ, ಎರಡೂ ಬಾಜೂ ಗ್ವಾಡಿ ಕಡೆ ಚಾಚಾಕತ್ತೀನಿ ಅನಕೋ. ಭುಜದ ಮಟ್ಟಕ್ಕ ನಿಲ್ಲಸು, ಸಾವಕಾಶ ಇಳಸು. ಹನ್ನೆರಡರಿಂದ ಹದಿನೈದು ಸಲ ಬರಬೇಕು. ನಡುವ ಹೆಗಲು ಕಿವಿ ಕಡೆ ಸರೀತೋ, ಅಲ್ಲಿಗೆ ಆ ಸೆಟ್ ಮುಗೀತು. ಆಮ್ಯಾಲ ಸೊಂಟದಿಂದ ಪೂರಾ ಬಾಗಿ ಕೈ ಅಗಲಸು, ಹಿಂದಿನ ಪಾಲಿಗೆ. ಕನ್ನಡಿಯಾಗ ಕಾಣೂದಿಲ್ಲಂತ ಹುಡುಗರು ಅದನ್ನ ಮರತೇ ಬಿಡ್ತಾರ.

ಹಂಗಂತ ಟ್ರ್ಯಾಪ್ಸ್ ಪೂರಾ ಮಲಗಸಾಕ ಹೋಗಬ್ಯಾಡ. ಕೈ ನೆಟ್ಟಗ ತಲಿ ಮ್ಯಾಲ ಹೋಗಬೇಕಂದ್ರ 180 ಡಿಗ್ರಿ ತಿರಗಬೇಕು. ಅದರಾಗ ಸುಮಾರು 120 ಭುಜದ ಕೀಲಿಂದು, ಉಳದ 60 ಹೆಗಲ ಹಲಗಿ ತಿರಗೂದರಿಂದ. ಆ ಹಲಗಿ ತಿರುವೂ ಕೆಲಸದಾಗ ಟ್ರ್ಯಾಪ್ಸ್‌ದೂ ಪಾಲು ಐತಿ. ಬಲವಂತದಿಂದ ಹೆಗಲು ಕೆಳಗ ಒತ್ತಿ ಹಿಡದು ತಲಿ ಮ್ಯಾಲ ಭಾರ ಎತ್ತಿದ್ರ ಕೀಲು ನೋಯತೈತಿ. ತಲಿ ಮ್ಯಾಲ ಎತ್ತೂ ಪ್ರೆಸ್ ಮಾಡು, ಭಾರ ಕಮ್ಮಿ ಇರಲಿ.

ಗರಡಿ ಪೈಲ್ವಾನರ ಕುತ್ತಿಗಿ ಕಂಬದ್ಹಂಗ ಇರತೈತಲ್ಲ ಅಂತೀ. ಎದುರಿನವ ಅಲ್ಲೇ ಕೈ ಹಾಕಿ ಜಗ್ಗತಾನ, ಅವರಿಗೆ ಅದು ಬೇಕು. ನಿನಗ ಬೇಕಾಗಿದ್ದು ಅಳತಿಗೆ ತಕ್ಕ ಮೈ. ಬೆಂಗಳೂರಿನ ಕೆ.ವಿ. ಅಯ್ಯರ್ ಹೆಸರು ಕೇಳಿಯೇನು? ಹರ್ಕ್ಯುಲಿಸ್ ವ್ಯಾಯಾಮಶಾಲಿ ನಡಸಿದವರು, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರದವರೂ ಅವರೇ. ಅವರ ಹಳೇ ಫೋಟೋ ಹುಡುಕಿ ನೋಡು, ಎಲ್ಲೂ ಒಂದು ಸ್ನಾಯು ಇನ್ನೊಂದನ್ನ ನುಂಗಿಲ್ಲ.

ಕುತ್ತಿಗಿಯಿಂದ ಕೈಗೆ ಜುಮುಜುಮು ಇಳದ್ರ, ಬಳ್ಳು ಜೋಮು ಹಿಡದ್ರ, ವ್ಯಾಯಾಮ ನಿಲ್ಲಸಿ ಡಾಕ್ಟರ್ ಕಡೆ ಹೋಗು. ಮಾಲೀಸು ಅಂತ ಕುತ್ತಿಗಿ ತಿರುವಿಸಿಕೋಬ್ಯಾಡ.

ನಾಳಿಂದ ನೀ ಈಗ ಎತ್ತೂ ಹತ್ತು ಕಿಲೋ ಡಂಬೆಲ್ ಕೆಳಗಿಟ್ಟು ನಾಕು ಕಿಲೋದ್ದು ಹಿಡಿ. ಬಾಜೂದವರು ನಕ್ಕರ ನಗಲಿ ಬಿಡು.